ಪಿಂಗಾಣಿಗೆ ಬಿಳಿಜೇಡಿ: ಮೌಲ್ಯಮಾಪನದ ಕ್ರಮ

ಕೆಯೋಲಿನ್ ಅಥವಾ ಚೀನಾ ಜೇಡಿಯೆಂದು ಹೆಸರಾದ ಬಿಳಿಜೇಡಿಯು ಪಿಂಗಾಣಿಯ ಮುಖ್ಯ ಕಚ್ಚಾವಸ್ತು. ನಾಗಪುರದಲ್ಲಿ ಕೇಂದ್ರ ಕಚೇರಿಯುಳ್ಳ ಭಾರತೀಯ ಗಣಿ ಬ್ಯೂರೋ ಸಿದ್ಧಪಡಿಸುವ ರಾಷ್ಟ್ರೀಯ ಖನಿಜ ದಾಸ್ತಾನಿನಲ್ಲಿ ಈ ಮಣ್ಣನ್ನು ಬಳಕೆಯ ದರ್ಜೆಗಳಿಗೆ ಅನುಸಾರವಾಗಿ ವಿಂಗಡಿಸಲಾಗುತ್ತದೆ. 2015ರ ದಾಸ್ತಾನಿನಂತೆ, ಪಿಂಗಾಣಿ ದರ್ಜೆಗೆ ಸೇರಿದ್ದು ಸುಮಾರು ಐದರಲ್ಲಿ ಒಂದು ಪಾಲು ಮಾತ್ರ. ಬಹುಪಾಲು ಮಿಶ್ರ, ಅವರ್ಗೀಕೃತ ಮೊದಲಾದ ಶೀರ್ಷಿಕೆಗಳಡಿ ಉಳಿದಿದೆ. ಆ ಮಣ್ಣು ಕಳಪೆಯೆಂದು ಇದರಿಂದ ಸಿದ್ಧವಾಗುವುದಿಲ್ಲ. ಅದು ಯಾವ ಕೆಲಸಕ್ಕೆ ಒದಗೀತೆಂಬುದು ನಿರ್ಣಯವಾಗಿಲ್ಲವೆಂದಷ್ಟೇ ತಿಳಿಯಬೇಕು. ಆ ನಿರ್ಣಯದ ಕ್ರಮವನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಫೆಲ್ಡ್‌ಸ್ಪಾರ್ ಖನಿಜವುಳ್ಳ ಶಿಲೆಗಳು ಶಿಥಿಲಗೊಂಡು ಬಿಳಿಜೇಡಿ ಉಂಟಾಗುತ್ತದೆ. ಆದ್ದರಿಂದ ಅಗೆದು ತೆಗೆದ ಮಣ್ಣಿನಲ್ಲಿ ಬೆಣಚುಕಲ್ಲಿನ ಹರಳು, ಅಭ್ರಕಗಳು ಬೆರೆತಿರುತ್ತವೆ. ಕಾಸರಗೋಡಿನ ಕಡೆ ನಿಕ್ಷೇಪಗಳು ಮುರಕಲ್ಲಿನ ಪದರದ ಕೆಳಗೆ ಇರುವುದರಿಂದ ಕಬ್ಬಿಣದ ಕಲೆಯೂ ಸೇರಬಹುದು. ಈ ಕಾರಣದಿಂದ ಮೊದಲನೆಯ ಪರೀಕ್ಷೆ ತೊಳೆಯುವುದು: ಮಣ್ಣನ್ನು ನೀರಿನಲ್ಲಿ ಕದಡಿ, ಮರಳನ್ನು ತಳಕ್ಕಿಳಿಸಿ, 45 ಮೈಕ್ರಾನ್ ಜರಡಿಯಲ್ಲಿ ಇಳಿದ ನಯವಾದ ಭಾಗ ಶೇಕಡಾ ಎಷ್ಟೆಂದು ಅಳೆಯಬೇಕು. ಗಣಿಗಾರಿಕೆಯ ಲಾಭನಷ್ಟ ಬಹುಮಟ್ಟಿಗೆ ಈ ಅಂಕಿಯನ್ನೇ ಅವಲಂಬಿಸಿದೆ.

ಎರಡನೆಯದು ರಾಸಾಯನಿಕ ವಿಶ್ಲೇಷಣೆ. ಶುದ್ಧ ಕೆಯೋಲಿನೈಟಿನಲ್ಲಿ ಸಿಲಿಕಾ ಶೇ. 46.5, ಅಲ್ಯೂಮಿನಾ ಶೇ. 39.5, ನೀರು ಶೇ. 14 ಇರುತ್ತವೆ. ಬಿಳಿ ಪಾತ್ರೆಗಳಿಗೆ ಕಬ್ಬಿಣದ ಆಕ್ಸೈಡ್ ಸಾಮಾನ್ಯವಾಗಿ ಶೇ. 1ಕ್ಕಿಂತ ಕಡಿಮೆ ಇರಬೇಕು. ಆದರೆ ಈ ಅಂಕಿಯೊಂದೇ ಸಾಲದು. ಕಬ್ಬಿಣವು ಕಣಗಳ ಮೇಲೆ ಲೇಪದಂತೆ ಕುಳಿತಿದ್ದರೆ ರಾಸಾಯನಿಕ ಬಿಳುಪಿನಿಂದ ಅದನ್ನು ತೆಗೆಯಬಹುದು. ಬಿಡಿ ಖನಿಜವಾಗಿದ್ದರೆ ಕಾಂತದಿಂದ ಬೇರ್ಪಡಿಸಬಹುದು. ಜೇಡಿಯ ಸ್ಫಟಿಕದೊಳಗೇ ಸೇರಿದ್ದರೆ ತೆಗೆಯಲಾಗದು. ಈ ಭೇದವನ್ನು ತಿಳಿಯಲು ಕ್ಷಕಿರಣ ವಿವರ್ತನೆ ಮೊದಲಾದ ಖನಿಜಪರೀಕ್ಷೆಗಳು ಅಗತ್ಯ.

ಕೊನೆಯ ಮಾತು ಬೆಂಕಿಯದು. ಕಾಯಿಸಿದಾಗ ಸುಮಾರು 500ರಿಂದ 600 ಡಿಗ್ರಿ ಸೆಲ್ಸಿಯಸ್‌ನಲ್ಲಿ ಜೇಡಿಯು ತನ್ನ ರಚನೆಯೊಳಗಿನ ನೀರನ್ನು ಕಳೆದುಕೊಳ್ಳುತ್ತದೆ; ಸುಮಾರು 980ರಲ್ಲಿ ಶಾಖವನ್ನು ಹೊರಸೂಸಿ ಮರುರಚನೆಗೊಳ್ಳುತ್ತದೆ; ಇನ್ನೂ ಮೇಲಿನ ಉಷ್ಣತೆಯಲ್ಲಿ ಪಿಂಗಾಣಿಗೆ ಬಲ ನೀಡುವ ಮುಲ್ಲೈಟ್ ಬೆಳೆಯುತ್ತದೆ. ಮಾದರಿ ಪಟ್ಟಿಗಳನ್ನು ಸುಟ್ಟು ಕುಗ್ಗುವಿಕೆ, ನೀರು ಹೀರುವಿಕೆ, ಬಲ, ಬಣ್ಣಗಳನ್ನು ದಾಖಲಿಸಬೇಕು. ಬಳಿಕ ಜೇಡಿ ಶೇ. 50, ಫೆಲ್ಡ್‌ಸ್ಪಾರ್ ಶೇ. 25, ಬೆಣಚು ಶೇ. 25 ಎಂಬ ರೂಢಿಯ ಮಿಶ್ರಣದಲ್ಲಿ ಪುನಃ ಪರೀಕ್ಷಿಸಬೇಕು. ಹಸಿಯಲ್ಲಿ ಬೆಳ್ಳಗಿರುವ ಮಣ್ಣು ಸುಟ್ಟಾಗ ಮಾಸಲಾಗುವುದುಂಟು.

ಯೋಗ್ಯತೆಯು ಬಳಕೆಗೆ ಸಾಪೇಕ್ಷವೆಂಬುದನ್ನೂ ಗಮನಿಸಬೇಕು. ಬೆಂಗಳೂರಿನಲ್ಲಿ 1932ರಲ್ಲಿ ಆರಂಭವಾದ ಸರ್ಕಾರಿ ಪಿಂಗಾಣಿ ಕಾರ್ಖಾನೆ 1976ರಲ್ಲಿ ಭಾರತ್ ಹೆವಿ ಎಲೆಕ್ಟ್ರಿಕಲ್ಸ್ ಸಂಸ್ಥೆಯ ವಶಕ್ಕೆ ಬಂದಿತು. ಅಲ್ಲಿ ತಯಾರಾದಂಥ ವಿದ್ಯುತ್ ನಿರೋಧಕಗಳಿಗೆ ಬಲ, ವಿದ್ಯುತ್ ತಡೆಯುವ ಗುಣ, ನೀರು ಹೀರದಿರುವಿಕೆ ಮುಖ್ಯ; ಕಂದು ಮೆರುಗಿನ ಕೆಳಗೆ ಬಿಳುಪಿನ ಕೊರತೆ ಮರೆಯಾಗುತ್ತದೆ. ಊಟದ ತಟ್ಟೆಗೆ ಒಲ್ಲದ ಮಣ್ಣು ನಿರೋಧಕಕ್ಕೆ ಒದಗಬಹುದು.

2015ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರವು ಚೀನಾ ಜೇಡಿಯನ್ನು ಉಪಖನಿಜಗಳ ಪಟ್ಟಿಗೆ ಸೇರಿಸಿದ ಮೇಲೆ ಗುತ್ತಿಗೆಯ ನಿಯಮಗಳನ್ನು ರೂಪಿಸುವ ಅಧಿಕಾರ ರಾಜ್ಯಗಳದಾಗಿದೆ. ಆದಕಾರಣ ಗುತ್ತಿಗೆಗೆ ಮುನ್ನವೇ ತೊಳೆದ ಇಳುವರಿ, ಸುಟ್ಟ ಬಣ್ಣ, ಕುಗ್ಗುವಿಕೆಗಳ ದಾಖಲೆ ಇರುವುದು ಉಚಿತ. ದರ್ಜೆ ನಿರ್ಧಾರವಾಗದೆ ಅಗೆದ ಮಣ್ಣು ಪಿಂಗಾಣಿಗೆ ಯೋಗ್ಯವಾಗಿದ್ದರೂ ಸಿಮೆಂಟಿಗೋ ಭರ್ತಿಗೋ ಅಗ್ಗವಾಗಿ ಹೋಗಿಬಿಡುತ್ತದೆ. ಹಾಗೆ ಹೋದದ್ದು ನಿಕ್ಷೇಪಕ್ಕೆ ಮರಳುವುದಿಲ್ಲ.