ಎಪ್ಪತ್ತಾರು ಅಕ್ಷರಗಳ ಓಲೆ

ಹಳೆಯ ಓಲೆಗರಿಯ ಗ್ರಂಥವೊಂದು ತಮ್ಮ ಕೈಗೆ ಬಂದಿತೆನ್ನಿ. ದಾರ ಹರಿದಿದೆ, ಗರಿಗಳು ತುಂಡಾಗಿ ಚೆದರಿವೆ. ಅದೊಂದೇ ಪ್ರತಿಯಾದರೆ ಕ್ರಮ ಹಚ್ಚುವುದು ಕಷ್ಟ. ಅದೇ ಗ್ರಂಥದ ಇನ್ನೊಂದು ಪ್ರತಿ, ಬೇರೆ ಕಡೆಗಳಲ್ಲಿ ಮುರಿದದ್ದು, ಸಿಕ್ಕಿದರೆ? ಎರಡನ್ನೂ ಹೊಂದಿಸಿ ಮೂಲಪಾಠವನ್ನು ಕಾಣಬಹುದು. ಪಂಡಿತರ ಈ ಕೆಲಸವನ್ನೇ ವಿಜ್ಞಾನಿಗಳು ಜೀವಕೋಶದ ಒಂದು ಅಣುವಿನ ಮೇಲೆ ಮಾಡಿದ್ದಾರೆ. ಅದು ಹೇಗೆಂಬುದನ್ನು ನೋಡೋಣ.

ನಮ್ಮ ಮೈಯ ಪ್ರೋಟೀನುಗಳೆಲ್ಲ ಅಮೈನೋ ಆಮ್ಲಗಳನ್ನು ಮಣಿಗಳಂತೆ ಪೋಣಿಸಿ ಆದವು. ಯಾವ ಮಣಿಯ ಮುಂದೆ ಯಾವುದು ಎಂಬ ಆಜ್ಞೆ ಮೂರು ಮೂರು ಅಕ್ಷರಗಳ ಪದಗಳಲ್ಲಿ ಬರೆದಿರುತ್ತದೆ. ಅಮೈನೋ ಆಮ್ಲಕ್ಕೆ ಆ ಭಾಷೆ ಬಾರದು. ನಡುವೆ ಒಬ್ಬ ದುಭಾಷಿ ಬೇಕು. ಒಂದು ತುದಿಯಲ್ಲಿ ಅಮೈನೋ ಆಮ್ಲವನ್ನು ಹೊತ್ತು, ಇನ್ನೊಂದೆಡೆಯಲ್ಲಿ ಮೂರಕ್ಷರದ ಪದವನ್ನು ಗುರುತಿಸುವ ಈ ದುಭಾಷಿಗೆ ವರ್ಗಾವಣೆ ಆರ್‌ಎನ್‌ಎ ಎಂದು ಹೆಸರು. ಇದರ ಮೂಲಾಕ್ಷರಗಳು ನಾಲ್ಕು: ಅಡೆನಿನ್, ಗ್ವಾನಿನ್, ಸೈಟೋಸಿನ್, ಯುರಾಸಿಲ್. ಇವನ್ನು ಅ, ಗ, ಸ, ಯ ಎಂದು ಕರೆಯೋಣ.

ಅಮೆರಿಕದ ಇಥಾಕಾ ಪಟ್ಟಣದಲ್ಲಿ ರಾಬರ್ಟ್ ಹಾಲಿ ಮತ್ತು ಸಂಗಡಿಗರು ಯೀಸ್ಟಿನಿಂದ ಅಲನಿನ್ ಎಂಬ ಆಮ್ಲವನ್ನು ಹೊರುವ ಅಣುವನ್ನು ಬೇರ್ಪಡಿಸಿದರು. ಸುಮಾರು 140 ಕಿಲೋಗ್ರಾಂ ಯೀಸ್ಟಿನಿಂದ ದೊರೆತ ಶುದ್ಧ ದ್ರವ್ಯ ಒಂದೇ ಗ್ರಾಂ! ಅದನ್ನು ಓದಲು ಅವರಿಗೆ ಎರಡು ಕತ್ತರಿಗಳಿದ್ದವು. ಬೂಷ್ಟಿನಿಂದ ದೊರೆತ ಕಿಣ್ವ ‘ಗ’ದ ಬಳಿಕ ಕತ್ತರಿಸುತ್ತದೆ, ಮೇದೋಜೀರಕ ಗ್ರಂಥಿಯ ಕಿಣ್ವ ‘ಸ’, ‘ಯ’ಗಳ ಬಳಿಕ ಕತ್ತರಿಸುತ್ತದೆ.

ಕಾಗದ, ಸೀಸಕಡ್ಡಿ ಹಿಡಿದು ತಾವೂ ಮಾಡಿ ನೋಡಿ. ಮೊದಲ ಕತ್ತರಿಯಿಂದ ಅಯಗ, ಸಅಗ, ಯ ಎಂಬ ತುಂಡುಗಳು ಬಂದವು. ‘ಗ’ದಲ್ಲಿ ಮುಗಿಯದ ‘ಯ’ ಕಡೆಯದೇ ಸರಿ. ಉಳಿದೆರಡರಲ್ಲಿ ಮೊದಲು ಯಾವುದು? ಎರಡನೆಯ ಕತ್ತರಿಯ ತುಂಡುಗಳು ಅಯ, ಗಸ, ಅಗಯ. ಇಲ್ಲಿ ‘ಸ’ದ ಹಿಂದೆ ‘ಗ’ ಇದೆ. ಆದ್ದರಿಂದ ಸಅಗ ಮೊದಲಿನದಾಗಲಾರದು. ಮೂಲಪಾಠ ಅಯಗಸಅಗಯ. ಏಳು ಅಕ್ಷರಗಳಿಗೆ ಇಷ್ಟಾದರೆ, ಅವರ ಅಣುವಿಗೆ ಎಷ್ಟು ತಾಳ್ಮೆ ಬೇಕಾಗಿರಬೇಡ! ಮಂಜುಗಡ್ಡೆಯಷ್ಟು ತಣ್ಣಗಿಟ್ಟು ಮೊದಲ ಕತ್ತರಿ ಹಾಕಿದಾಗ ಅಣು ಎರಡೇ ಹೋಳಾಯಿತು. ಇದರಿಂದ ಜೋಡಣೆ ಸುಲಭವಾಯಿತು. 1965ರಲ್ಲಿ 77 ಅಕ್ಷರಗಳ ಪಾಠ ಪ್ರಕಟವಾಯಿತು. 1968ರ ನೊಬೆಲ್ ಪಾರಿತೋಷಕವನ್ನು ಹಾಲಿಯವರು ಅವಿಭಜಿತ ಭಾರತದಲ್ಲಿ ಓದಿ ಬೆಳೆದ ಹರಗೋವಿಂದ ಖುರಾನಾ ಮತ್ತು ಮಾರ್ಷಲ್ ನೀರೆನ್‌ಬರ್ಗ್ ಅವರೊಡನೆ ಹಂಚಿಕೊಂಡರು. ಮುಂದೆ ಮರುಪರಿಶೀಲನೆಯಲ್ಲಿ ಪಾಠ ತಿದ್ದಿ, ಅಕ್ಷರಗಳು 76 ಎಂದಾಯಿತು. ತಿದ್ದುಪಡಿಯಿಲ್ಲದ ಪ್ರಥಮ ಮುದ್ರಣ ಎಲ್ಲಿದೆ?

ಒಂದು ಪ್ರತಿಯ ಬೆಲೆ ತಿಳಿಯುವುದು ಪಾಠಾಂತರಗಳೊಡನೆ ಹೋಲಿಸಿದಾಗ. 1966 ಮತ್ತು 1967ರಲ್ಲಿ ಸೆರಿನ್, ಟೈರೋಸಿನ್, ಫಿನೈಲ್‌ಅಲನಿನ್‌ಗಳ ದುಭಾಷಿಗಳನ್ನೂ ಓದಿದರು. ಅಕ್ಷರಗಳು ಬಹಳಷ್ಟು ಭಿನ್ನ; ಆದರೂ ಎಲ್ಲವೂ ‘ಸಸಅ’ ಎಂದೇ ಮುಗಿಯುತ್ತವೆ, ಅಮೈನೋ ಆಮ್ಲ ಅಂಟುವುದು ಅಲ್ಲಿಯೇ. ‘ಗ’ಕ್ಕೆ ‘ಸ’, ‘ಅ’ಕ್ಕೆ ‘ಯ’ ಜೊತೆಗೂಡುವಂತೆ ಮಡಿಸಿದರೆ ಎಲ್ಲವೂ ತೊಟ್ಟಿರುವ ಬಿಲ್ವಪತ್ರೆಯಂತೆ ಮೂರು ದಳಗಳಾಗುತ್ತವೆ. ನಡುದಳದ ತುದಿಯಲ್ಲಿದೆ ಪದವನ್ನು ಗುರುತಿಸುವ ಮೂರಕ್ಷರ.

ಈ ಹೋಲಿಕೆಯಿಂದ ನಮಗೇನು ಪ್ರಯೋಜನ ಎಂದು ಕೇಳುವಿರಾ? ಕೋಶದ ಶಕ್ತಿಕೇಂದ್ರವಾದ ಮೈಟೋಕಾಂಡ್ರಿಯಕ್ಕೆ ತನ್ನದೇ ಆದ 22 ದುಭಾಷಿಗಳಿವೆ. ಅವುಗಳಲ್ಲಿ ಲ್ಯೂಸಿನ್ ಹೊರುವ ಒಂದರಲ್ಲಿ ‘ಅ’ ಇರಬೇಕಾದಲ್ಲಿ ‘ಗ’ ಬಂದರೆ, ಚಿಕ್ಕ ವಯಸ್ಸಿನಲ್ಲೇ ಪಾರ್ಶ್ವವಾಯುವನ್ನು ಹೋಲುವ ಆಘಾತ, ಸೆಳವು, ಸ್ನಾಯುಗಳ ಬಲಹೀನತೆ ಕಾಣಬಹುದೆಂದು 1990ರಲ್ಲಿ ತಿಳಿಯಿತು. ಅದೇ ವ್ಯತ್ಯಾಸ ಕೆಲವು ಮನೆತನಗಳಲ್ಲಿ ಸಿಹಿಮೂತ್ರ, ಕಿವುಡುತನಗಳಾಗಿ ತೋರುತ್ತದೆ. ಇದು ಬರುವುದು ತಾಯಿಯ ಕಡೆಯಿಂದ. ಬೇರುಸಹಿತ ಕಳೆಯುವ ಮದ್ದು ಇನ್ನೂ ಇಲ್ಲ. ಆದರೆ ಕಾರಣ ತಿಳಿದರೆ ಮನೆಯ ಉಳಿದವರನ್ನು ಮೊದಲೇ ಪರೀಕ್ಷಿಸಿ, ಸಕ್ಕರೆಯನ್ನೂ ಕಿವಿಯನ್ನೂ ನೋಡಿಕೊಳ್ಳಬಹುದು. ಹಾನಿ ಮಾಡಬಲ್ಲ ಔಷಧಿಗಳಿಂದ ದೂರವಿರಬಹುದು.

ಇನ್ನೊಂದು ಮಾತು. ಮಗುವಿನ ಕಾಯಿಲೆಗೆ ತಾಯಿಯನ್ನು ದೂರುವ ಅಭ್ಯಾಸ ನಮ್ಮ ಮನೆಗಳಿಂದ ಪೂರ್ತಿ ಹೋಗಿಲ್ಲ. ಪ್ರತಿ ಮಾಡುವಾಗ ಲಿಪಿಕಾರನ ಕೈತಪ್ಪಿ ಒಂದಕ್ಷರ ಮತ್ತೊಂದಾಗುತ್ತದೆ. ಇದೂ ಹಾಗೆಯೇ ಆದದ್ದು. ಓಲೆಯನ್ನು ಕಾಪಾಡಿ ನಮಗೆ ಕೊಟ್ಟವರ ಅಪರಾಧ ಇದರಲ್ಲೇನೂ ಇಲ್ಲ.