ಐದು ಸರಾಸರಿಗಳು, ಒಂದು ಪ್ರಶ್ನೆ

ಪ್ರಯೋಗಶಾಲೆಯಲ್ಲಿ ಒಂದೇ ಪರಿಮಾಣವನ್ನು ಹಲವು ದಿನ ಅಳೆದ ವಿದ್ಯಾರ್ಥಿಗೆ ದಿನಕ್ಕೊಂದು ಸರಾಸರಿ ದೊರೆಯುತ್ತದೆ. ಅವು ತಮ್ಮತಮ್ಮಲ್ಲಿ ಪೂರ್ಣವಾಗಿ ಹೊಂದುವುದಿಲ್ಲ. ಈ ಅಂತರವು ಕೇವಲ ಆಕಸ್ಮಿಕವೋ, ಅಥವಾ ಉಪಕರಣದಲ್ಲಿಯೇ ಏನಾದರೂ ವ್ಯತ್ಯಾಸವಾಯಿತೋ? ಎಲ್ಲವನ್ನೂ ಕೂಡಿಸಿ ಭಾಗಿಸುವುದಕ್ಕೆ ಮೊದಲು ಇದನ್ನು ವಿಚಾರಿಸಬೇಕು.

ಒಂದು ಪ್ರಸಿದ್ಧ ನಿದರ್ಶನವನ್ನು ನೋಡೋಣ. 1879ರಲ್ಲಿ ಅಮೆರಿಕದ ಅನಾಪೊಲಿಸ್‌ನಲ್ಲಿರುವ ನೌಕಾ ವಿದ್ಯಾಲಯದಲ್ಲಿ ಆಲ್ಬರ್ಟ್ ಮೈಕೆಲ್ಸನ್ ತಿರುಗುವ ಕನ್ನಡಿಯ ನೆರವಿನಿಂದ ಬೆಳಕಿನ ವೇಗವನ್ನು ಅಳೆದನು. ಅವನ ನೂರು ಅಳತೆಗಳನ್ನು ಕ್ರಮವಾಗಿ ಇಪ್ಪತ್ತರಂತೆ ಐದು ಗುಂಪು ಮಾಡಿದರೆ, ಗಾಳಿಯಲ್ಲಿ ಬೆಳಕಿನ ವೇಗದ ಸರಾಸರಿಗಳು ಸೆಕೆಂಡಿಗೆ 2,99,909, 2,99,856, 2,99,845, 2,99,820.5 ಮತ್ತು 2,99,831.5 ಕಿಲೋಮೀಟರುಗಳಾಗುತ್ತವೆ.

ಎರಡು ಸರಾಸರಿಗಳನ್ನು ಹೋಲಿಸಲು ಟಿ-ಪರೀಕ್ಷೆಯುಂಟು. ಅದನ್ನೇ ಪ್ರತಿಯೊಂದು ಜೋಡಿಗೂ ಏಕೆ ಪ್ರಯೋಗಿಸಬಾರದು? ಐದು ಗುಂಪುಗಳಿಂದ ಹತ್ತು ಜೋಡಿಗಳಾಗುತ್ತವೆ. ಒಂದೊಂದು ಪರೀಕ್ಷೆಯಲ್ಲಿಯೂ, ಇಲ್ಲದ ಅಂತರವನ್ನು ಇದೆಯೆಂದು ಸಾರುವ ಸಂಭವವನ್ನು ವಾಡಿಕೆಯಂತೆ ಇಪ್ಪತ್ತರಲ್ಲಿ ಒಂದು ಎಂದು ಇಟ್ಟುಕೊಳ್ಳುತ್ತೇವೆ. ಹತ್ತು ಸಲ ಪರೀಕ್ಷಿಸಿದಾಗ ಎಲ್ಲಿಯಾದರೂ ಒಮ್ಮೆ ಹೀಗೆ ಎಡವುವ ಸಂಭವ ನಾಲ್ಕರಲ್ಲಿ ಒಂದಕ್ಕಿಂತಲೂ ಹೆಚ್ಚುತ್ತದೆ!

ಈ ತೊಡಕನ್ನು ನಿವಾರಿಸುವ ಮಾರ್ಗವನ್ನು 1920ರ ದಶಕದಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನ ಕೇಂದ್ರದಲ್ಲಿ ರೊನಾಲ್ಡ್ ಫಿಶರ್ ರೂಪಿಸಿದನು. ಇಂದು ಅನೋವಾ ಎಂದು ಹೆಸರಾದ ಈ ವಿಧಾನವು ಎಲ್ಲ ಗುಂಪುಗಳಿಗೂ ಒಟ್ಟಾಗಿ ಒಂದೇ ಪ್ರಶ್ನೆಯನ್ನು ಹಾಕುತ್ತದೆ: ಗುಂಪಿನೊಳಗಣ ಚೆದುರುವಿಕೆಯಿಂದ ನಿರೀಕ್ಷಿಸಬಹುದಾದುದಕ್ಕಿಂತ ಸರಾಸರಿಗಳು ಹೆಚ್ಚು ಚೆದುರಿವೆಯೇ? ಇವೆರಡರ ನಿಷ್ಪತ್ತಿಯು, ಅಂತರಗಳು ಆಕಸ್ಮಿಕವಾಗಿದ್ದರೆ, 1ರ ಆಸುಪಾಸಿನಲ್ಲಿರಬೇಕು. ಮೈಕೆಲ್ಸನನ ಅಂಕಿಗಳಲ್ಲಿ ಅದು ಸುಮಾರು 4.3, ಆಕಸ್ಮಿಕವೆಂದು ಒಪ್ಪಬಹುದಾದ ಮೇರೆ ಸುಮಾರು 2.5. ಆದ್ದರಿಂದ ಗುಂಪುಗಳು ಸಮಾನವಲ್ಲ.

ಹಾಗಾದರೆ ಭಿನ್ನವಾದುದು ಯಾವುದು? ಇದಕ್ಕೆ ಜಾನ್ ಟ್ಯೂಕಿಯ ವಿಧಾನ ಸೂಕ್ತ. ಹತ್ತು ಜೋಡಿಗಳನ್ನು ಹೋಲಿಸಿದರೂ ಒಟ್ಟು ತಪ್ಪಿನ ಸಂಭವವನ್ನು ಅದು ಮಿತಿಯಲ್ಲಿಡುತ್ತದೆ. ಅದರಂತೆ ಇಲ್ಲಿ ಅಂತರವು ಸುಮಾರು 65 ಕಿಲೋಮೀಟರನ್ನು ಮೀರಿರಬೇಕು. ಮೊದಲನೆಯ ಗುಂಪು ನಾಲ್ಕು ಮತ್ತು ಐದನೆಯವುಗಳಿಂದ ಮಾತ್ರ ಅಷ್ಟು ದೂರವಿದೆ.

ಇನ್ನೊಂದು ಎಚ್ಚರಿಕೆ ಅವಶ್ಯಕ. ಈ ಎರಡು ವಿಧಾನಗಳೂ ಎಲ್ಲ ಗುಂಪುಗಳ ಚೆದುರುವಿಕೆಯು ಸಮವೆಂದು ಭಾವಿಸುತ್ತವೆ. ಇಲ್ಲಿಯಾದರೋ ಮೊದಲನೆಯ ಗುಂಪಿನ ಚೆದುರುವಿಕೆ ಐದನೆಯದರ ಸುಮಾರು ಎರಡರಷ್ಟಿದೆ. ಇಂತಹ ಸಂದರ್ಭಕ್ಕೆ 1951ರಲ್ಲಿ ವೆಲ್ಚ್ ಸೂಚಿಸಿದ ಪರೀಕ್ಷೆಯೇ ಲೇಸು. ಅದೂ ಗುಂಪುಗಳು ಸಮಾನವಲ್ಲವೆಂದೇ ನುಡಿಯುತ್ತದೆ, ಆದರೆ ಅಷ್ಟು ಬಲವಾಗಿ ಅಲ್ಲ.

ಆದರೂ ಸಂಖ್ಯಾಶಾಸ್ತ್ರದಿಂದ ಅದರ ಶಕ್ತಿಗೆ ಮೀರಿದುದನ್ನು ಬಯಸಬಾರದು. ಗಾಳಿಯ ಪರಿಣಾಮವನ್ನು ಸರಿಪಡಿಸಿ ಮೈಕೆಲ್ಸನ್ ಪ್ರಕಟಿಸಿದ ವೇಗ 2,99,944 ಕಿಲೋಮೀಟರು. ಇಂದು ಅಂಗೀಕೃತವಾದುದು 2,99,792.458. ಸುಮಾರು 152 ಕಿಲೋಮೀಟರುಗಳ ಈ ಹೆಚ್ಚಳವನ್ನು ಗುಂಪುಗಳ ಯಾವ ಹೋಲಿಕೆಯೂ ತೋರಿಸಲಾರದು. ಗುಂಪುಗಳ ನಡುವಣ ಭಿನ್ನತೆಯನ್ನು ಲೆಕ್ಕವು ಹಿಡಿಯಬಲ್ಲದು. ಎಲ್ಲ ಗುಂಪುಗಳಲ್ಲಿಯೂ ಸಮನಾಗಿ ಸೇರಿಕೊಂಡ ದೋಷವನ್ನು ಉಪಕರಣದಲ್ಲಿಯೇ ಹುಡುಕಬೇಕು.