ಹಿಟ್ಟು ಕಡಿಮೆ, ರೊಟ್ಟಿ ಸೂಪರ್ ಹಿಟ್!

ಸಿನಿಮಾ ಬಗ್ಗೆ ಬರೆಯೋನಿಗೆ ಒಲೆ ಮುಂದೆ ಏನು ಕೆಲಸ ಅಂತ ಹುಬ್ಬೇರಿಸಬೇಡಿ. 2020ರ ಮಾರ್ಚ್ 25ರಿಂದ ಕೊರೋನಾ ಅಂತ ದೇಶಕ್ಕೆಲ್ಲ ಬೀಗ. ಯಶವಂತಪುರದ ನಮ್ಮ ಮನೆಗೆ ಹತ್ತಿರದ ಕಂಠೀರವ ಸ್ಟುಡಿಯೋದಲ್ಲಿ ಷೂಟಿಂಗ್ ಇಲ್ಲ, ಟಾಕೀಸುಗಳಲ್ಲಿ ಆಟವಿಲ್ಲ. ಬರೆಯೋಕೆ ಸುದ್ದಿಯಿಲ್ಲ, ಸಂಬಳವೂ ಇಲ್ಲ!

ಒಂದು ಸಂಜೆ ಮಗ “ಅಪ್ಪಾ, ಮಸಾಲೆದೋಸೆ” ಅಂದ. ಜೇಬು ಖಾಲಿ. ನಮ್ಮನೆಯವಳು ತಲೆನೋವು ಅಂತ ಮಲಗಿದ್ದಳು. ಡಬ್ಬಿ ತೆಗೆದರೆ ಒಂದೇ ಲೋಟ ಅಕ್ಕಿಹಿಟ್ಟು! ಮಧ್ಯಾಹ್ನ ಮಿಕ್ಕಿದ್ದ ಅನ್ನವನ್ನು ಚೆನ್ನಾಗಿ ಹಿಸುಕಿ ಅದಕ್ಕೆ ಸೇರಿಸಿದೆ. ಈರುಳ್ಳಿ, ಹಸಿಮೆಣಸಿನಕಾಯಿ, ಜೀರಿಗೆ, ಕೊತ್ತಂಬರಿ, ಉಪ್ಪು ಬಿತ್ತು. ತೆಂಗಿನಕಾಯಿ ಇರಲಿಲ್ಲ, ಕ್ಯಾರೆಟ್ ತುರಿದು ಹಾಕಿದೆ. ಎಣ್ಣೆ ಸವರಿದ ಬಾಣಲೆಗೆ ತಟ್ಟಿ, ನಡುವೆ ತೂತು ಮಾಡಿ, ಮುಚ್ಚಿ ಬೇಯಿಸಿದೆ.

ಮೊದಲನೆಯದು ಹರಿದು ಫ್ಲಾಪ್! ಎರಡನೆಯದನ್ನು ಬಿಸಿ ಬಾಣಲೆಗೇ ತಟ್ಟಲು ಹೋಗಿ ಬೆರಳು ಸುಟ್ಟುಕೊಂಡೆ. ಒಳಗಿನಿಂದ ಡೈರೆಕ್ಷನ್ ಬಂತು: “ರೀ, ಬಾಣಲೆ ಬೋರಲು ಹಾಕಿ ನೀರು ಬಿಡಿ, ತಣ್ಣಗಾಗ್ಲಿ!”

ಮೂರನೆಯದು ಅಂಚು ಗರಿಗರಿ, ಅನ್ನದ ಪುಣ್ಯದಿಂದ ಒಳಗೆ ಮೆತ್ತಗೆ. ಅವಳ ಕೈಗೇ ಕೊಟ್ಟೆ. “ನಮ್ಮನೇಲಿ ಬಿಸಿ ರೊಟ್ಟಿ ತಿಂತಿರೋದು ಇದೇ ಮೊದಲು ಕಣ್ರೀ” ಅಂದಳು. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣೋಳಿಗೆ ಬಿಸಿ ಎಲ್ಲಿಂದ ಬರಬೇಕು? ತೆರೆಯ ಮೇಲಿನ ಗೃಹಿಣಿಯರಿಗಾಗಿ ಕಣ್ಣೊರೆಸಿಕೊಂಡಿದ್ದ ನನಗೆ ಮನೆಯೊಳಗಿನವಳೇ ಕಂಡಿರಲಿಲ್ಲ.

ಈಗ ಟಾಕೀಸು ತೆರೆದಿವೆ, ಸಂಬಳ ಬರುತ್ತಿದೆ. ಆದರೂ ಭಾನುವಾರ ಸಂಜೆ ಒಲೆ ನನ್ನದು. ಬಿಸಿ ರೊಟ್ಟಿ ಅವಳದು. ಫ್ಲಾಪ್ ಆದದ್ದು ಮಾತ್ರ ನನಗೇ!